ನಡುವೆ ನಿಂತವನ ನಿಷ್ಠೆ

ಪಂಪನ ‘ವಿಕ್ರಮಾರ್ಜುನ ವಿಜಯ’ ರಚಿತವಾದದ್ದು ಹತ್ತನೆಯ ಶತಮಾನದಲ್ಲಿ. ಅದು ಮೊದಲು ಅಚ್ಚಾದದ್ದು 1898ರಲ್ಲಿ. ಈ ಒಂಬೈನೂರಕ್ಕೂ ಹೆಚ್ಚು ವರ್ಷಗಳ ಅಂತರವನ್ನು ದಾಟಿಸಿ ಆ ಕಾವ್ಯವನ್ನು ನಮ್ಮ ಕೈಗೆ ತಲಪಿಸಿದವರು ಲಿಪಿಕಾರರು. ಒಂದು ಓಲೆ ಜೀರ್ಣವಾಗುವ ಮುನ್ನ ಇನ್ನೊಂದು ಓಲೆಗೆ ಬರೆದಿಳಿಸಿ, ಅದು ಹುಳು ಹಿಡಿಯುವ ಮುನ್ನ ಮತ್ತೊಂದಕ್ಕೆ ಇಳಿಸಿ, ತಲೆಮಾರಿನಿಂದ ತಲೆಮಾರಿಗೆ ಅವರು ಕಾವ್ಯವನ್ನು ಸಾಗಿಸಿದರು. ಕವಿಗೂ ಓದುಗನಿಗೂ ನಡುವೆ ನಿಂತ ಈ ಜನ ತಮ್ಮದೇನನ್ನೂ ಸೇರಿಸದೆ, ಇದ್ದುದನ್ನು ಕಳೆಯದೆ ದಾಟಿಸಿದರೇ ಎಂಬುದು ಗ್ರಂಥಸಂಪಾದನ ಶಾಸ್ತ್ರದ ಮೂಲಪ್ರಶ್ನೆ. ಪಾಠಾಂತರಗಳ ನಡುವೆ ಆಯುಷ್ಯ ಕಳೆದ ನನ್ನಂಥವರಿಗೆ ಈ ಪ್ರಶ್ನೆ ಹೊಸತಲ್ಲ. ಹೊಸತೆನಿಸಿದ್ದು, ಇದೇ ಪ್ರಶ್ನೆ ವಿದ್ಯುತ್ತಿನ ಲೋಕದಲ್ಲಿಯೂ ನೂರೈವತ್ತು ವರ್ಷಗಳಿಗೂ ಮಿಕ್ಕಿ ಚರ್ಚೆಯಾಗುತ್ತ ಬಂದಿದೆ ಎಂಬ ಸಂಗತಿ. ಇಂದಿನ ಭಾಷಣದಲ್ಲಿ ನಾನು ಹೇಳಹೊರಟಿರುವುದು ಆ ಚರ್ಚೆಯ ಚರಿತ್ರೆಯನ್ನು.

ನಾವು ಮನೆಯ ಪರದೆಯ ಮೇಲೆ ಕಾಣುವ ಚಿತ್ರ ನೇರವಾಗಿ ನಮ್ಮ ಬಳಿಗೆ ಬಂದದ್ದಲ್ಲ. ಕ್ಯಾಮೆರಾದಿಂದ ಹೊರಟ ವಿದ್ಯುತ್ ಸಂಕೇತ ತಂತಿಯಲ್ಲಿಯೋ ಗಾಳಿಯಲ್ಲಿಯೋ ಸಾಗುವಾಗ ಸೊರಗುತ್ತದೆ. ಸೊರಗಿದ್ದನ್ನು ಮತ್ತೆ ಹಿಗ್ಗಿಸಿ ಮುಂದಕ್ಕೆ ಕಳುಹಿಸುವ ಉಪಕರಣವೇ ವರ್ಧಕ, ಆಂಪ್ಲಿಫೈಯರ್. ಅದರಿಂದ ನಾವು ಅಪೇಕ್ಷಿಸುವ ಮೊದಲ ಗುಣ ಶಕ್ತಿಯೆಂದು ತೋರಬಹುದು. ಆದರೆ ಬಲ್ಲವರು ಬೇರೆ ಮಾತು ಹೇಳುತ್ತಾರೆ. ಒಳಗೆ ಬಂದದ್ದು ಒಂದಾದಾಗ ಹೊರಗೆ ಹತ್ತು ಕೊಡುವ ವರ್ಧಕ, ಒಳಗೆ ಎರಡು ಬಂದಾಗ ಇಪ್ಪತ್ತನ್ನೂ ಮೂರು ಬಂದಾಗ ಮೂವತ್ತನ್ನೂ ಕೊಡಬೇಕು. ಕಿರಿದಕ್ಕೂ ಹಿರಿದಕ್ಕೂ ಒಂದೇ ಅಳತೆ. ಈ ಗುಣವನ್ನು ನಕ್ಷೆಯಲ್ಲಿ ಬರೆದರೆ ನೇರವಾದ ಗೆರೆಯೊಂದು ಬರುವುದರಿಂದ ಇದಕ್ಕೆ ರೇಖೀಯತೆ ಎಂದು ಹೆಸರು.

ಈ ಗುಣವಿಲ್ಲದ ವರ್ಧಕ ಏನು ಮಾಡುತ್ತದೆಂಬುದನ್ನು ಮಲೆನಾಡಿನವರಿಗೆ ವಿವರಿಸಬೇಕಾದ್ದಿಲ್ಲ. ಬಯಲಾಟದ ರಾತ್ರಿ ಧ್ವನಿವರ್ಧಕವನ್ನು ಮಿತಿಮೀರಿ ಏರಿಸಿದಾಗ ಭಾಗವತರ ಪದ ಒಡೆದು ಕೇಳುತ್ತದೆ. ಚೆಂಡೆಯ ಏರುಪೆಟ್ಟುಗಳೆಲ್ಲ ಒಂದೇ ಮಟ್ಟಕ್ಕೆ ಚಪ್ಪಟೆಯಾಗುತ್ತವೆ. ವರ್ಧಕ ತನ್ನ ಮಿತಿಯನ್ನು ಮುಟ್ಟಿದಾಗ ಹಿರಿದರ ತಲೆಯನ್ನು ಕತ್ತರಿಸುತ್ತದೆ. ಅಷ್ಟೇ ಅಲ್ಲ, ಎರಡು ಸ್ವರಗಳು ಒಟ್ಟಿಗೆ ಬಂದಾಗ ಅವುಗಳ ಮೊತ್ತದ ಮತ್ತು ಅಂತರದ ಸ್ವರಗಳನ್ನು, ಅಂದರೆ ಯಾರೂ ಹಾಡದ ಸ್ವರಗಳನ್ನು, ತಾನೇ ಹುಟ್ಟಿಸಿ ಬೆರೆಸುತ್ತದೆ. ಸಂಪಾದನಶಾಸ್ತ್ರದಲ್ಲಿ ಇದಕ್ಕೆ ಪ್ರಕ್ಷೇಪ ಎನ್ನುತ್ತೇವೆ.

ಚರಿತ್ರೆಯ ಮೊದಲ ಪಾಠ ಸಮುದ್ರದ ತಳದಲ್ಲಿ ದೊರೆಯಿತು. 1858ರ ಆಗಸ್ಟಿನಲ್ಲಿ ಐರ್ಲೆಂಡಿಗೂ ಉತ್ತರ ಅಮೆರಿಕದ ನ್ಯೂಫೌಂಡ್‌ಲ್ಯಾಂಡಿಗೂ ನಡುವೆ ಮೊದಲ ಅಟ್ಲಾಂಟಿಕ್ ತಂತಿ ಕೂಡಿತು. ವಿಕ್ಟೋರಿಯಾ ರಾಣಿಯ ಸಂದೇಶದಲ್ಲಿ ಇದ್ದದ್ದು 98 ಪದಗಳು. ಅದು ದಾಟಲು ಹಿಡಿದ ಕಾಲ ಸುಮಾರು 16 ಗಂಟೆ. ಕಾರಣ ಸಂಕೇತದ ದೌರ್ಬಲ್ಯ ಮಾತ್ರವಾಗಿರಲಿಲ್ಲ. ಈ ತುದಿಯಲ್ಲಿ ಚೂಪಾಗಿ ಹೊರಟ ವಿದ್ಯುತ್ ಮಿಡಿತ ಆ ತುದಿ ಸೇರುವಷ್ಟರಲ್ಲಿ, ನೆನೆದ ಕಾಗದದ ಮೇಲಿನ ಶಾಯಿಯ ಚುಕ್ಕೆಯಂತೆ, ಹರಡಿಕೊಂಡುಬಿಡುತ್ತಿತ್ತು. ಒಂದು ಚುಕ್ಕೆಯ ಬಾಲ ಮುಂದಿನ ಚುಕ್ಕೆಯ ಮೇಲೆ ಬಿದ್ದು ಎರಡೂ ಕಲಸಿಹೋಗುತ್ತಿದ್ದವು. ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದವನು, ಇದನ್ನು ಗಣಿತದಿಂದ ಮೊದಲೇ ಕಂಡುಕೊಂಡಿದ್ದ: ತಂತಿಯ ಉದ್ದ ಎರಡರಷ್ಟಾದರೆ ಈ ವಿಳಂಬ ನಾಲ್ಕರಷ್ಟಾಗುತ್ತದೆ.

ತಂತಿಯ ಉಸ್ತುವಾರಿ ಹೊತ್ತಿದ್ದ ವೈಟ್‌ಹೌಸ್ ಎಂಬಾತ ಈ ಗಣಿತವನ್ನು ಒಪ್ಪಲಿಲ್ಲ. ಕೇಳಿಸದಿದ್ದರೆ ಇನ್ನೂ ಗಟ್ಟಿಯಾಗಿ ಕೂಗಬೇಕೆಂಬ ಲೋಕರೂಢಿಯ ನ್ಯಾಯ ಅವನದು. ಸುಮಾರು 2,000 ವೋಲ್ಟ್ ಒತ್ತಡವನ್ನು ಅವನು ತಂತಿಗೆ ಹಾಯಿಸಿದ. ಮೊದಲೇ ದೋಷಗಳಿದ್ದ ತಂತಿ ಕೆಲವೇ ವಾರಗಳಲ್ಲಿ ಶಾಶ್ವತವಾಗಿ ಮೂಕವಾಯಿತು. ಥಾಮ್ಸನ್ನನ ದಾರಿ ಇದಕ್ಕೆ ತದ್ವಿರುದ್ಧ. ಅವನು ಮೆಲ್ಲಗೆ ಕಳುಹಿಸಿದ, ಸೂಕ್ಷ್ಮವಾಗಿ ಆಲಿಸಿದ. ಸಣ್ಣ ಕನ್ನಡಿಯೊಂದನ್ನು ತೂಗುಹಾಕಿ, ಅದರಿಂದ ಪ್ರತಿಫಲಿಸಿದ ಬೆಳಕಿನ ಚುಕ್ಕೆಯ ಅಲ್ಪ ಚಲನೆಯಲ್ಲಿ ಸಂದೇಶವನ್ನು ಓದುವ ಉಪಕರಣವನ್ನು ರಚಿಸಿದ. 1866ರಲ್ಲಿ ಬಾಳಿಕೆಯ ಅಟ್ಲಾಂಟಿಕ್ ತಂತಿ ಬಂದಾಗ ಗೆದ್ದದ್ದು ಈ ವಿವೇಕ. ಮುಂದೆ ಥಾಮ್ಸನ್ ಮತ್ತು ಜೆಂಕಿನ್ ಇನ್ನೊಂದು ಉಪಾಯವನ್ನೂ ಬಳಕೆಗೆ ತಂದರು: ಪ್ರತಿಯೊಂದು ಮಿಡಿತದ ಬೆನ್ನಿಗೇ ವಿರುದ್ಧ ದಿಕ್ಕಿನ ಕಿರುಮಿಡಿತವೊಂದನ್ನು ಕಳುಹಿಸಿ, ಅದರ ಬಾಲವನ್ನು ಕತ್ತರಿಸುವುದು. ದಾರಿಯಲ್ಲಿ ಸಂಕೇತಕ್ಕೆ ಯಾವ ಹಾನಿ ಒದಗುವುದೋ ಅದನ್ನು ಮೊದಲೇ ಊಹಿಸಿ ಪರಿಹಾರವನ್ನು ಬೆರೆಸಿ ಕಳುಹಿಸುವ ಈ ಕಲೆಯನ್ನು ಇಂದಿನ ಯಂತ್ರಗಳೂ ಬಿಟ್ಟಿಲ್ಲ.

ಟೆಲಿಗ್ರಾಫಿನಲ್ಲಿ ನಡುವಿನವನ ಕೆಲಸ ಒಂದು ರೀತಿಯಲ್ಲಿ ಸುಲಭ. ಅಲ್ಲಿರುವುದು ಚುಕ್ಕೆ ಮತ್ತು ಗೆರೆ. ನಡುದಾರಿಯ ರಿಲೇ ಯಂತ್ರ ಬಂದ ಮಿಡಿತವನ್ನು ಗುರುತಿಸಿ ಹೊಸದೊಂದು ಮಿಡಿತವನ್ನು ಮುಂದಕ್ಕೆ ಒತ್ತಿದರೆ ಸಾಕು. ಆದರೆ ಟೆಲಿಫೋನು ಬಂದಾಗ ಸಮಸ್ಯೆಯ ಸ್ವರೂಪವೇ ಬದಲಾಯಿತು. ಮನುಷ್ಯನ ದನಿಯಲ್ಲಿ ಏರಿಳಿತಗಳಿಗೆ ಲೆಕ್ಕವಿಲ್ಲ. ಪ್ರತಿಯೊಂದು ಬಾಗೂ ಅರ್ಥವನ್ನು ಹೊತ್ತದ್ದು. ಇಲ್ಲಿ ಗುರುತಿಸಿ ಹೊಸದಾಗಿ ಬರೆಯುವಂತಿಲ್ಲ, ಇದ್ದುದನ್ನು ಇದ್ದಂತೆಯೇ ಹಿಗ್ಗಿಸಬೇಕು. 1906ರಲ್ಲಿ ಲೀ ಡಿ ಫಾರೆಸ್ಟ್ ರೂಪಿಸಿದ ನಿರ್ವಾತ ನಳಿಕೆ ಸುಧಾರಣೆಗೊಂಡು, 1915ರಲ್ಲಿ ನ್ಯೂಯಾರ್ಕಿನಿಂದ ಸ್ಯಾನ್‌ಫ್ರಾನ್ಸಿಸ್ಕೋವರೆಗೆ ಮಾತನ್ನು ಮುಟ್ಟಿಸಿತು. ಆದರೆ ಒಂದೇ ತಂತಿಯಲ್ಲಿ ಹಲವು ಸಂಭಾಷಣೆಗಳನ್ನು ಒಟ್ಟಿಗೆ ಕಳುಹಿಸಹೊರಟಾಗ ನಳಿಕೆಗಳ ವಕ್ರತೆ ಬಯಲಿಗೆ ಬಂತು. ಒಬ್ಬರ ಮಾತು ಇನ್ನೊಬ್ಬರ ಮಾತಿನೊಳಗೆ ಇಣುಕತೊಡಗಿತು. ಒಂದು ವರ್ಧಕದ ಅಲ್ಪ ದೋಷ ಸಹ್ಯ; ಸಾಲಾಗಿ ನಿಂತ ನೂರಾರು ವರ್ಧಕಗಳ ದೋಷ ಕೂಡಿದರೆ ಮಾತು ಮಾತಾಗಿ ಉಳಿಯದು.

ಈ ತೊಡಕನ್ನು ಬಿಡಿಸಿದವನು ಬೆಲ್ ಪ್ರಯೋಗಶಾಲೆಯ ಹೆರಾಲ್ಡ್ ಬ್ಲ್ಯಾಕ್. 1927ರ ಆಗಸ್ಟ್ 2ರ ಬೆಳಗ್ಗೆ ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟಿ ಕೆಲಸಕ್ಕೆ ಹೋಗುತ್ತಿದ್ದಾಗ ಇಪ್ಪತ್ತೊಂಬತ್ತರ ಈ ತರುಣನಿಗೆ ಉಪಾಯ ಹೊಳೆಯಿತು. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪುಟದ ಮೇಲೆಯೇ ಚಿತ್ರ, ಸಮೀಕರಣಗಳನ್ನು ಗೀಚಿಕೊಂಡ. ಅವನ ಉಪಾಯ ಹೇಳಲು ಸರಳ. ವರ್ಧಕದಿಂದ ಹೊರಬಂದದ್ದರ ಒಂದಂಶವನ್ನು ಹಿಂದಕ್ಕೆ ತಂದು ಒಳಬಂದದ್ದರಿಂದ ಕಳೆಯಬೇಕು. ವರ್ಧಕ ತಾನಾಗಿ ಸೇರಿಸಿದ ವಿಕಾರವೇನಿದೆಯೋ ಅದು ಹೀಗೆ ತಿರುಗಿ ಬಂದು ತನ್ನನ್ನು ತಾನೇ ತೊಡೆದುಹಾಕುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಶಕ್ತಿ. ಲಕ್ಷ ಪಟ್ಟು ಹಿಗ್ಗಿಸಬಲ್ಲ ವರ್ಧಕವನ್ನು ಬೇಕೆಂದೇ ಸಾವಿರ ಪಟ್ಟಿಗೆ ಇಳಿಸಿಕೊಂಡರೆ ಅದರ ವಿಕಾರವೂ ಸುಮಾರಾಗಿ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದುಡ್ಡು ಸುರಿದು ಗಳಿಸಿದ ಶಕ್ತಿಯನ್ನು ಹೀಗೆ ಬಿಟ್ಟುಕೊಡುವುದೇ ಎಂದು ಅಂದಿನ ತಜ್ಞರಿಗೆ ನಂಬಿಕೆಯೇ ಬರಲಿಲ್ಲ. ಪೇಟೆಂಟು ಕೈಗೆ ಬರಲು 1937ರವರೆಗೆ ಕಾಯಬೇಕಾಯಿತು. ಹಿಂದಕ್ಕೆ ತರುವ ಅಂಶ ಲೆಕ್ಕ ತಪ್ಪಿ ಕಳೆಯುವ ಬದಲು ಕೂಡಿಕೊಂಡರೆ ವರ್ಧಕ ತನ್ನಷ್ಟಕ್ಕೆ ಊಳಿಡುತ್ತದೆ. ಮೈಕಿನ ಎದುರು ಸ್ಪೀಕರ್ ಇಟ್ಟಾಗ ಕೇಳುವ ಕೀರಲು ಇದೇ. ಅದನ್ನು ತಪ್ಪಿಸುವ ಗಣಿತವನ್ನು 1932ರಲ್ಲಿ ಹ್ಯಾರಿ ನೈಕ್ವಿಸ್ಟ್ ಒದಗಿಸಿದ. ಸಂಯಮದಿಂದ ಸತ್ಯ ಉಳಿಯುತ್ತದೆಂಬ ಮಾತು ನಮಗೆ ನೀತಿಯಾಗಿ ಪರಿಚಿತ; ಬ್ಲ್ಯಾಕ್ ಅದನ್ನು ಲೆಕ್ಕವಾಗಿ ತೋರಿಸಿದ.

ಇತ್ತ ನಮ್ಮ ನಾಡಿನತ್ತ ಬರೋಣ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿಯೇ 30 ವಾಟ್ ಸಾಮರ್ಥ್ಯದ ಪ್ರೇಷಕವನ್ನಿಟ್ಟು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಮನೆಯ ಒಂದು ವಿದ್ಯುದ್ದೀಪದಷ್ಟೇ ಶಕ್ತಿಯ ಆ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರನ್ನು 1950ರ ದಶಕದಲ್ಲಿ ಇಡೀ ಭಾರತದ ಬಾನುಲಿ ತನ್ನದಾಗಿಸಿಕೊಂಡಿತು. ಧಾರವಾಡ ಕೇಂದ್ರ 1950ರಲ್ಲಿ, ಬೆಂಗಳೂರು ಕೇಂದ್ರ 1955ರಲ್ಲಿ ಆರಂಭವಾದವು. ಉಪಕರಣಗಳನ್ನು ಇಲ್ಲಿಯೇ ತಯಾರಿಸುವ ಸಂಕಲ್ಪದಿಂದ ಬೆಂಗಳೂರಿನಲ್ಲಿ 1948ರಲ್ಲಿ ಐಟಿಐ, 1954ರಲ್ಲಿ ಬಿಇಎಲ್ ಕಾರ್ಖಾನೆಗಳು ಹುಟ್ಟಿದವು. ಮಲೆನಾಡಿಗೆ ಹತ್ತಿರದ ದನಿಯಾಗಿ ಬಂದದ್ದು 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ.

ತೀರ್ಥಹಳ್ಳಿ, ಹೊಸನಗರ, ಸಾಗರದ ಸೀಮೆಯನ್ನು ಬಲ್ಲವರಿಗೆ ಆ ದನಿಯ ಬೆಲೆ ಗೊತ್ತು. ಅರಳಸುರಳಿಯಂಥ ಊರೆಂದರೆ ಬಯಲುಸೀಮೆಯ ಊರಿನಂತೆ ಒತ್ತಾಗಿ ಕಟ್ಟಿದ ಬೀದಿಯಲ್ಲ. ಗುಡ್ಡಗಳ ನಡುವಿನ ಕಣಿವೆಯಲ್ಲಿ ಅಡಿಕೆ ತೋಟ, ತೋಟದ ತಲೆಯಲ್ಲಿ ಒಂದು ಮನೆ. ಮುಂದಿನ ಮನೆ ಇನ್ನೊಂದು ಕಣಿವೆಯಲ್ಲಿ. ಮಧ್ಯಮ ತರಂಗದ ಬಾನುಲಿಯ ಅಲೆಗಳು ನೂರಾರು ಮೀಟರ್ ಉದ್ದದವು. ಅವು ಗುಡ್ಡವನ್ನು ಬಳಸಿಕೊಂಡು, ನೆಲಕ್ಕೆ ಅಂಟಿಕೊಂಡು ಕಣಿವೆಗೂ ಇಳಿಯಬಲ್ಲವು. ದೂರದರ್ಶನದ ಅಲೆಗಳು ಕೆಲವೇ ಮೀಟರಿನವು, ಅಥವಾ ಅದಕ್ಕೂ ಕಿರಿದು. ಅವುಗಳದು ಬಹುಮಟ್ಟಿಗೆ ನೇರದೃಷ್ಟಿಯ ದಾರಿ. ಗುಡ್ಡ ಅಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತವೆ. ಸಂಗೀತ ಕೇಳಿಸಿದ ಮನೆಗೆ ಚಿತ್ರ ಬರಲು ಏಕೆ ಇಷ್ಟು ತಡವಾಯಿತೆಂಬುದಕ್ಕೆ ಆಡಳಿತದ ಉದಾಸೀನದ ಜೊತೆಗೆ ಭೂಮಿಯ ಈ ಆಕಾರವೂ ಕಾರಣ.

ಗುಡ್ಡದ ತೊಡಕನ್ನು ಮೇಲಿನಿಂದ ದಾಟಬಹುದೆಂದು ತೋರಿಸಿದ್ದು ಉಪಗ್ರಹ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ದೂರದರ್ಶನವನ್ನು ಕಂಡವು. ಕರ್ನಾಟಕದಲ್ಲಿ ಆ ಭಾಗ್ಯ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳದಾಯಿತು. 36,000 ಕಿಲೋಮೀಟರ್ ಎತ್ತರದಿಂದ ಬಂದ ಕ್ಷೀಣ ಸಂಕೇತವನ್ನು ತಂತಿಬಲೆಯ ಮೂರು ಮೀಟರ್ ಅಗಲದ ಬೋಗುಣಿ ಹಿಡಿಯುತ್ತಿತ್ತು. ಉಪಗ್ರಹದಲ್ಲಿ ಶಕ್ತಿ ಅಮೂಲ್ಯ. ಅಲ್ಲಿನ ವರ್ಧಕವನ್ನು ಅದರ ಮಿತಿಯವರೆಗೂ ದುಡಿಸಬೇಕು, ಮಿತಿ ಮುಟ್ಟಿದರೆ ವಕ್ರತೆ ತಪ್ಪದು. ಹಾಗಾದರೆ ಚಿತ್ರ ಕೆಡಲಿಲ್ಲವೇಕೆ? ಚಿತ್ರದ ಅರ್ಥವನ್ನು ಅಲೆಯ ಎತ್ತರದಲ್ಲಿ ಇಡದೆ ಅದರ ಕಂಪನದ ವೇಗದಲ್ಲಿ ಇಟ್ಟಿದ್ದರು. ಎತ್ತರ ಕತ್ತರಿಸಿಹೋದರೂ ಅರ್ಥಕ್ಕೆ ಕುಂದು ಬರಲಿಲ್ಲ. ಅರ್ಥ ಎಲ್ಲಿ ನೆಲೆಸಿದೆಯೋ ಅಲ್ಲಿ ನಿಷ್ಠೆ ಬೇಕು. ಉಳಿದೆಡೆ ಸಡಿಲವಾದರೂ ನಡೆಯುತ್ತದೆ ಎಂಬುದು ಇಲ್ಲಿ ಸಿಕ್ಕ ತಿಳಿವು.

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. 1982ರಿಂದ ನಮ್ಮ ಇನ್‌ಸ್ಯಾಟ್ ಉಪಗ್ರಹಗಳ ಹತೋಟಿ ಹಾಸನದಿಂದಲೇ ನಡೆಯತೊಡಗಿತು. 1984ರ ಸುಮಾರಿಗೆ ದೇಶದ ಊರೂರುಗಳಲ್ಲಿ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ಎದ್ದವು. ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ 1986–87ರಲ್ಲಿ ದೇಶದ ಮನೆಮನೆಯಲ್ಲಿ ಕಂಡಿತು. ಅದು ಚಿತ್ರಿತವಾದದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಆದರೆ ತಮ್ಮದೇ ತಾಲ್ಲೂಕಿನ ಮಳೆಯನ್ನೂ ಮನೆಯನ್ನೂ ಪರದೆಯ ಮೇಲೆ ಕಾಣಲು ಕಣಿವೆಯ ಜನ ಎತ್ತರದ ಕಂಬ ನೆಟ್ಟು ಆಂಟೆನಾ ಕಟ್ಟಿ, ಬೂಸ್ಟರ್ ಜೋಡಿಸಿ, ಒಬ್ಬರು ಕಂಬ ತಿರುಗಿಸುತ್ತ ಇನ್ನೊಬ್ಬರು ಒಳಗಿನಿಂದ ಕೂಗಿ ಹೇಳುತ್ತ ಹೆಣಗಬೇಕಾಯಿತು.

ಈ ಬೂಸ್ಟರಿನಲ್ಲಿ ಎರಡು ಶಾಸ್ತ್ರಸತ್ಯಗಳಿದ್ದವು. ಮೊದಲನೆಯದು, ಅದನ್ನು ಕಂಬದ ತುದಿಯಲ್ಲಿ ಕಟ್ಟಬೇಕು, ಟಿ.ವಿ.ಯ ಬೆನ್ನಿಗಲ್ಲ. ಕೇಬಲಿನಲ್ಲಿ ಇಳಿದು ಬಂದು ಸಂಕೇತ ಗದ್ದಲದಲ್ಲಿ ಮುಳುಗಿದ ಮೇಲೆ ಹಿಗ್ಗಿಸಿದರೆ ಗದ್ದಲವೂ ಜೊತೆಯಲ್ಲೇ ಹಿಗ್ಗುತ್ತದೆ. ಕಳೆದುಹೋದದ್ದು ತಿರುಗಿ ಬರುವುದಿಲ್ಲ. ಎರಡನೆಯದು, ಅಗ್ಗದ ಬೂಸ್ಟರಿಗೆ ಮಿತಿಮೀರಿದ ಸಂಕೇತ ಬಂದರೆ ಒಂದು ಕೇಂದ್ರದ ಚಿತ್ರದ ಮೇಲೆ ಇನ್ನೊಂದರ ಗೆರೆಗಳು ಹಾಯತೊಡಗುತ್ತವೆ. ಶಕ್ತಿ ಕೊಂಡು ತಂದದ್ದು ಸಾಲದು, ಋಜುತ್ವವೂ ಬೇಕೆಂಬುದನ್ನು ಬ್ಲ್ಯಾಕ್‌ನ ಹೆಸರು ಕೇಳದ ನಮ್ಮ ರೇಡಿಯೋ ರಿಪೇರಿಯವರು ಅನುಭವದಿಂದ ಅರಿತಿದ್ದರು. ಆ ಬಗೆಯ ಭೂಮಟ್ಟದ ಪ್ರಸಾರ 2022ರ ಹೊತ್ತಿಗೆ ದೇಶದಲ್ಲಿ ಬಹುಮಟ್ಟಿಗೆ ನಿಂತುಹೋಯಿತು.

ಅಷ್ಟರಲ್ಲಿ ಲೋಕ ಬೇರೊಂದು ದಾರಿ ಹಿಡಿದಾಗಿತ್ತು. 1938ರಷ್ಟು ಹಿಂದೆಯೇ ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ತಂತ್ರಜ್ಞ, ಪ್ಯಾರಿಸಿನಲ್ಲಿದ್ದುಕೊಂಡು, ದನಿಯನ್ನು ಅಂಕಿಗಳಾಗಿ ಮಾರ್ಪಡಿಸಿ ಕಳುಹಿಸುವ ವಿಧಾನಕ್ಕೆ ಪೇಟೆಂಟು ಪಡೆದಿದ್ದ. ಏರಿಳಿತದ ಅಲೆಯ ಬದಲು ಇದೆ ಅಥವಾ ಇಲ್ಲ ಎಂಬ ಎರಡೇ ಮಿಡಿತಗಳು. ಅಂದರೆ ಒಂದರ್ಥದಲ್ಲಿ ಟೆಲಿಗ್ರಾಫಿಗೆ ಮರಳಿದಂತೆ. ನಡುವಿನವನು ಈಗ ಮಸುಕಾದ ಮಿಡಿತವನ್ನು ನೋಡಿ ಇದು ಒಂದೋ ಸೊನ್ನೆಯೋ ಎಂದು ತೀರ್ಮಾನಿಸಿ, ಚೊಕ್ಕವಾಗಿ ಹೊಸದೊಂದನ್ನು ಬರೆದು ಕಳುಹಿಸಬಹುದು. 1962ರಲ್ಲಿ ಅಮೆರಿಕದಲ್ಲಿ ಇಂಥ ದೂರವಾಣಿ ವ್ಯವಸ್ಥೆ ಬಳಕೆಗೆ ಬಂತು. ಸುಮಾರು ಮೈಲಿಗೊಂದರಂತೆ ಅಂಥ ಲಿಪಿಕಾರ ಯಂತ್ರಗಳು ನೆಲದಡಿಯಲ್ಲಿ ಕುಳಿತವು. ನಮ್ಮ ಓಲೆಗಳ ಪ್ರತಿಕಾರ ಮಾಡುತ್ತಿದ್ದದ್ದೂ ಇದನ್ನೇ. ಹಳೆಯ ಓಲೆಯ ಬಿರುಕನ್ನು ಅವನು ಹೊಸ ಓಲೆಯಲ್ಲಿ ಚಿತ್ರಿಸುವುದಿಲ್ಲ. ಅಕ್ಷರವನ್ನು ಗುರುತಿಸಿ, ಅಕ್ಷರವನ್ನು ಮಾತ್ರ ಬರೆಯುತ್ತಾನೆ. ಒಂಬೈನೂರು ವರ್ಷ ಕಾವ್ಯ ಬಾಳಿದ್ದು ಇದರಿಂದಲೇ.

ಆದರೆ ಅಪಾಯವೂ ಇಲ್ಲಿಯೇ ಅಡಗಿದೆ. ಅಕ್ಷರ ಸಂದಿಗ್ಧವಾದಲ್ಲಿ ಪ್ರತಿಕಾರ ತಪ್ಪು ನಿರ್ಣಯ ಮಾಡಿದನೆನ್ನಿ. ಹೊಸ ಓಲೆಯಲ್ಲಿ ಆ ತಪ್ಪು ಸರಿಯಷ್ಟೇ ಸ್ಫುಟವಾಗಿ ನಿಲ್ಲುತ್ತದೆ. ಇಲ್ಲಿ ಸಂದೇಹವಿತ್ತು ಎಂಬ ಗುರುತೂ ಉಳಿಯುವುದಿಲ್ಲ. ಅರ್ಥ ತಿಳಿಯದೆ, ಕಂಡ ಗೆರೆಯನ್ನು ಕಂಡಂತೆ ಎಳೆದಿಟ್ಟ ಅರೆಪಂಡಿತನ ಪ್ರತಿಯಿಂದ ಮೂಲಪಾಠವನ್ನು ಹೆಕ್ಕಬಹುದು. ತನಗೆ ತೋರಿದಂತೆ ತಿದ್ದಿ ಬರೆದ ಪಂಡಿತನ ಪ್ರತಿ ಸಂಪಾದಕನಿಗೆ ಬಹಳ ಕಷ್ಟ. ಸುಲಭ ಪಾಠಕ್ಕಿಂತ ಕಠಿನ ಪಾಠವನ್ನೇ ಮಾನ್ಯ ಮಾಡಬೇಕೆಂಬ ನಮ್ಮ ಶಾಸ್ತ್ರದ ಸೂತ್ರಕ್ಕೆ ಇದೇ ಆಧಾರ.

ಈಗ ಇಂದಿನ ಮನೆಯ ಪರದೆಯ ಹಿಂದಿರುವ ಎಚ್‌ಡಿಎಂಐ ಕೇಬಲ್ಲಿಗೆ ಬರೋಣ. ಅದರ ಮೊದಲ ನಿಯಮಾವಳಿ ಬಂದದ್ದು 2002ರಲ್ಲಿ. ಇಂದಿನ 4ಕೆ ಚಿತ್ರದಲ್ಲಿ ಅಡ್ಡಕ್ಕೆ 3,840, ಉದ್ದಕ್ಕೆ 2,160 ಚುಕ್ಕೆಗಳು. ಒಂದೊಂದಕ್ಕೆ 24 ಬಿಟ್. ಸೆಕೆಂಡಿಗೆ 60 ಚಿತ್ರ. ಗುಣಿಸಿದರೆ ಸೆಕೆಂಡಿಗೆ ಸುಮಾರು 1,200 ಕೋಟಿ ಬಿಟ್. 2017ರ ನಿಯಮಾವಳಿ ಇದನ್ನು 4,800 ಕೋಟಿಯವರೆಗೆ ಏರಿಸಿ ನಾಲ್ಕು ಜೋಡಿ ತಂತಿಗಳಿಗೆ ಹಂಚಿತು. ಒಂದು ಜೋಡಿಯ ಮೇಲೆ ಒಂದು ಬಿಟ್ ಆಕ್ರಮಿಸುವ ಜಾಗ ಎರಡು ಸೆಂಟಿಮೀಟರಿಗಿಂತ ಕಡಿಮೆ. ಎರಡು ಮೀಟರ್ ಕೇಬಲ್ಲಿನೊಳಗೆ ನೂರಕ್ಕೂ ಹೆಚ್ಚು ಬಿಟ್‌ಗಳು ಒಂದರ ಹಿಂದೊಂದು ಇರುವೆಯ ಸಾಲಿನಂತೆ ನಡೆದಿರುತ್ತವೆ. ಇಷ್ಟು ತ್ವರಿತ ಸಂಕೇತಗಳಿಗೆ ತಾಮ್ರದ ತಂತಿ ನಿರ್ದಯ. ಕಂಪನ ಹೆಚ್ಚಿದಷ್ಟೂ ವಿದ್ಯುತ್ತು ತಂತಿಯ ಹೊರಚರ್ಮದಲ್ಲಷ್ಟೇ ಹರಿಯುತ್ತದೆ, ಹೊದಿಕೆಯೂ ಶಕ್ತಿಯನ್ನು ಹೀರುತ್ತದೆ. ಚೂಪಾದ ಮಿಡಿತ ಹರಡಿಕೊಂಡು ಪಕ್ಕದ ಮಿಡಿತದ ಮೇಲೆ ಬೀಳುತ್ತದೆ. 1858ರಲ್ಲಿ ಸಾಗರದಡಿಯ ಸಾವಿರಾರು ಮೈಲಿಗಳಲ್ಲಿ ಒದಗಿದ್ದ ಸಂಕಟ ಇಂದು ಮೇಜಿನ ಮೇಲಿನ ಮೂರು ಮೊಳದ ತಂತಿಯಲ್ಲಿ ಒದಗಿದೆ.

ಪರಿಹಾರವಾಗಿ ನಡುವೆ ಚಿಪ್ ಒಂದನ್ನು ಕೂರಿಸುತ್ತಾರೆ. ಸಂಕೇತವನ್ನು ಹದಗೊಳಿಸುವ ಈ ಕೆಲಸಕ್ಕೆ ಎರಡು ಬಗೆಯ ಚಿಪ್‌ಗಳಿವೆ. ಒಂದು ರೀಟೈಮರ್: ಬಿಟ್‌ಗಳನ್ನು ಓದಿ, ನಿರ್ಣಯಿಸಿ, ಹೊಸ ತಾಳಕ್ಕೆ ಕೂಡಿಸಿ ಹೊಸದಾಗಿ ಬರೆದು ಕಳುಹಿಸುವಂಥದು. ಇನ್ನೊಂದು ರೀಡ್ರೈವರ್: ಯಾವ ನಿರ್ಣಯವನ್ನೂ ಮಾಡದೆ, ಕೇಬಲ್ಲು ಎಷ್ಟು ತಗ್ಗಿಸಿದೆಯೋ ಅಷ್ಟನ್ನು ಎತ್ತಿಕೊಟ್ಟು ದಾಟಿಸುವಂಥದು, ಹೆಚ್ಚು ಸೊರಗಿದ ಮೇಲ್ಕಂಪನಗಳನ್ನು ಹೆಚ್ಚಾಗಿ, ಸೊರಗದ ಕೆಳಕಂಪನಗಳನ್ನು ಕಡಿಮೆಯಾಗಿ. ಈ ಎರಡನೆಯದರಲ್ಲಿಯೂ ಒಳಭೇದವಿದೆ. ಹಳೆಯ ಬಗೆಯದು ಸಂಕೇತದ ತಲೆಯನ್ನು ಒಂದೇ ಎತ್ತರಕ್ಕೆ ಕತ್ತರಿಸಿ ಅಂದವಾಗಿ ಕಾಣಿಸುತ್ತದೆ. ರೇಖೀಯ ಬಗೆಯದು ಬಂದ ಎತ್ತರ ತಗ್ಗುಗಳ ಪ್ರಮಾಣವನ್ನು ಹಾಗೆಯೇ ಉಳಿಸುತ್ತದೆ.

ಅಂದವಾಗಿ ಕತ್ತರಿಸಿದ್ದು ಮೇಲೆಂದು ಯಾರಿಗಾದರೂ ತೋರೀತು. ಆದರೆ ಇಂದಿನ ಕೇಬಲ್ಲಿನ ಎರಡು ತುದಿಗಳೂ ಪರಸ್ಪರ ಮಾತನಾಡುತ್ತವೆ. ಚಿತ್ರ ಆರಂಭವಾಗುವ ಮುನ್ನ ಕಳುಹಿಸುವ ತುದಿ ಮಾದರಿ ಸಂಕೇತವನ್ನು ಕಳುಹಿಸುತ್ತದೆ; ಸ್ವೀಕರಿಸುವ ತುದಿ ಅದನ್ನು ಪರೀಕ್ಷಿಸಿ, ಇನ್ನಷ್ಟು ಎತ್ತರ ಬೇಕು, ಬಾಲವನ್ನು ಇನ್ನಷ್ಟು ಕತ್ತರಿಸಬೇಕು ಎಂದು ಹಿಂದಕ್ಕೆ ತಿಳಿಸುತ್ತದೆ. ಥಾಮ್ಸನ್ ಮತ್ತು ಜೆಂಕಿನ್ನರ ಹಳೆಯ ಉಪಾಯವೇ ಈಗ ಸಂವಾದವಾಗಿ ಬೆಳೆದಿದೆ. ನಡುವಿನ ಚಿಪ್ ಎಲ್ಲವನ್ನೂ ಒಂದೇ ಎತ್ತರಕ್ಕೆ ಸವರಿಬಿಟ್ಟರೆ, ಕಳುಹಿಸುವವನು ಮಾಡಿದ ಹೊಂದಾಣಿಕೆ ಸ್ವೀಕರಿಸುವವನಿಗೆ ಕಾಣುವುದೇ ಇಲ್ಲ. ಇಬ್ಬರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಾತನಾಡಿದಂತಾಗುತ್ತದೆ. ರೇಖೀಯ ವರ್ಧಕ ನಡುವೆ ಇದ್ದೂ ಇಲ್ಲದಂತಿರುತ್ತದೆ. ಸಂದೇಹವನ್ನು ತಾನು ಬಗೆಹರಿಸದೆ, ಬಗೆಹರಿಸಬಲ್ಲವನ ಬಳಿಗೆ ಕೆಡದಂತೆ ಒಯ್ಯುತ್ತದೆ. ಅದಕ್ಕೂ ಮಿತಿಯುಂಟು: ಗದ್ದಲವನ್ನೂ ಸಂಕೇತದೊಡನೆ ಹಿಗ್ಗಿಸುವುದರಿಂದ ಸಾಲಾಗಿ ಬಹಳ ಕೂರಿಸುವಂತಿಲ್ಲ, ಹಾನಿ ಮಿತಿಮೀರಿದಲ್ಲಿ ರೀಟೈಮರೇ ಬೇಕು. ಇಂಥ ಚಿಪ್‌ಗಳ ವಿನ್ಯಾಸವೂ ನಮಗೆ ಪರದೇಶದ ವಿದ್ಯೆಯಾಗಿ ಉಳಿದಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದು, ಉಪಗ್ರಹದ ಮೂಲಕ ತನ್ನ ವಿನ್ಯಾಸಗಳನ್ನು ಅಮೆರಿಕಕ್ಕೆ ರವಾನಿಸತೊಡಗಿದಂದಿನಿಂದ ಚಿಪ್ ವಿನ್ಯಾಸ ನಮ್ಮ ನಾಡಿನ ತರುಣರಿಗೂ ದಿನದ ದುಡಿಮೆಯಾಗಿದೆ.

ಸಾಗರದಡಿಯ ತಂತಿಗಳ ಕಥೆಯೂ ಇದೇ ತಿರುವನ್ನು ಕಂಡಿತು. 1988ರಲ್ಲಿ ಅಟ್ಲಾಂಟಿಕ್ಕಿನಡಿ ಮೊದಲು ಹಾಸಿದ ಗಾಜಿನ ಎಳೆಯ ಕೇಬಲ್ಲಿನಲ್ಲಿ ದಾರಿಯುದ್ದಕ್ಕೂ ಓದಿ ಬರೆಯುವ ಯಂತ್ರಗಳಿದ್ದವು. 1990ರ ದಶಕದ ನಡುವಿನಲ್ಲಿ ಬಂದ ಕೇಬಲ್ಲುಗಳಲ್ಲಿ ಅವು ಹೋಗಿ, ಬೆಳಕನ್ನು ಬೆಳಕಾಗಿಯೇ ಹಿಗ್ಗಿಸುವ ವರ್ಧಕಗಳು ಬಂದವು. ತಿದ್ದುವ ಬುದ್ಧಿಯೆಲ್ಲ ಈಗ ಎರಡು ತುದಿಗಳಲ್ಲಿ. ನಡುವೆ ಇರುವುದು ದಾಟಿಸುವ ನಿಷ್ಠೆ. ಗಾಜಿನ ಎಳೆಯಲ್ಲಿ ಬೆಳಕನ್ನು ಹಿಗ್ಗಿಸುವ ಇನ್ನೊಂದು ಕ್ರಮಕ್ಕೆ ಆಧಾರ ರಾಮನ್ ಪರಿಣಾಮ. 1928ರಲ್ಲಿ ಅದನ್ನು ಕಂಡ ಸಿ. ವಿ. ರಾಮನ್ 1933ರಿಂದ ಕೊನೆಯವರೆಗೂ ಬೆಂಗಳೂರಿನಲ್ಲಿ ಬಾಳಿದರು.

ಇಷ್ಟೆಲ್ಲ ಆದಮೇಲೂ ಮಲೆನಾಡಿನ ಕಣಿವೆಯ ಮನೆಗೆ ಸಂಕೇತ ತಲಪಿತೇ? 2020ರಲ್ಲಿ ಶಾಲೆ ಕಾಲೇಜುಗಳ ಬಾಗಿಲು ಮುಚ್ಚಿ ಪಾಠಗಳು ಮೊಬೈಲಿಗೆ ಬಂದಾಗ, ಇಲ್ಲಿನ ಮಕ್ಕಳು ಕೊಡೆ ಹಿಡಿದು ಗುಡ್ಡದ ನೆತ್ತಿ ಹುಡುಕಿಕೊಂಡು ಹೋದರು. 2021ರಲ್ಲಿ ಸಾಗರ, ಹೊಸನಗರದ ಹಳ್ಳಿಗಳಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂಬ ಚಳವಳಿಯೇ ನಡೆಯಿತು. 2022ರ ಜುಲೈಯಲ್ಲಿ ಕೇಂದ್ರ ಸರ್ಕಾರ ಸಂಪರ್ಕವಿಲ್ಲದ ಸುಮಾರು 24,680 ಹಳ್ಳಿಗಳಿಗೆ 4ಜಿ ಒದಗಿಸುವ ಯೋಜನೆಗೆ ಒಪ್ಪಿಗೆಯಿತ್ತಿತು. ಸಂಖ್ಯೆ ದೊಡ್ಡದು, ಆದರೆ ಒಂದು ಹಳ್ಳಿಯೆಂದು ಲೆಕ್ಕದಲ್ಲಿ ಬರೆದದ್ದು ಮಲೆನಾಡಿನಲ್ಲಿ ಹತ್ತು ಕಣಿವೆಗಳ ಹತ್ತು ಮನೆಗಳಾಗಿರುತ್ತದೆ ಎಂಬುದನ್ನು ಯೋಜಕರು ಮರೆಯಬಾರದು.

ಕಾಯಲಾರದವರು ಪರವಾನಗಿಯಿಲ್ಲದ ಮೊಬೈಲ್ ಬೂಸ್ಟರನ್ನು ತಂದು ಮಾಡಿಗೆ ಕಟ್ಟುವುದುಂಟು. ಹಳೆಯ ಟಿ.ವಿ. ಬೂಸ್ಟರು ಕೆಟ್ಟದ್ದಾದರೆ ಕೆಡುತ್ತಿದ್ದದ್ದು ಮುಖ್ಯವಾಗಿ ಆ ಮನೆಯ ಚಿತ್ರ. ಮೊಬೈಲಿನದು ಹಾಗಲ್ಲ, ಅದು ಗೋಪುರದ ಕಡೆಗೂ ಮಾತನಾಡುತ್ತದೆ. ವಕ್ರವಾದ ಅಗ್ಗದ ವರ್ಧಕ ಯಾರೂ ಆಡದ ಸದ್ದನ್ನು ಗೋಪುರದ ಕಿವಿಗೆ ತುಂಬಿದರೆ ಸುತ್ತಲಿನ ಮನೆಗಳ ದನಿಯೆಲ್ಲ ಅದರಲ್ಲಿ ಮುಳುಗುತ್ತದೆ. ಅದು ಕಾನೂನಿಗೂ ವಿರುದ್ಧ, ನೆರೆಯವರಿಗೂ ಹಾನಿ. ಆದರೆ ಕಟ್ಟಿದವನನ್ನಷ್ಟೇ ದೂರಿ ಫಲವಿಲ್ಲ. ಮಗುವಿನ ಪಾಠ, ವೈದ್ಯರಿಗೊಂದು ಕರೆ, ಪಡಿತರದ ಅಂಗಡಿಯಲ್ಲಿ ಬೆರಳಚ್ಚು, ಎಲ್ಲವನ್ನೂ ಸಂಕೇತಕ್ಕೆ ಕಟ್ಟಿಹಾಕಿದ ಸಮಾಜ ಸಂಕೇತವನ್ನು ಮಾತ್ರ ಗುಡ್ಡದಾಚೆ ನಿಲ್ಲಿಸಿದರೆ ಜನ ಸಿಕ್ಕ ದಾರಿಯನ್ನು ಹಿಡಿಯುತ್ತಾರೆ. ಇದಕ್ಕೆ ಸರಿಯಾದ ಉತ್ತರ ಸಮೀಪದ ಗೋಪುರ ಮತ್ತು ಅದರವರೆಗೆ ಬರುವ ಗಾಜಿನ ಎಳೆ.

ಈ ಚರಿತ್ರೆಯಲ್ಲಿ ವೈಟ್‌ಹೌಸನಂತೆ ಗಟ್ಟಿಯಾಗಿ ಕೂಗಿದವರು ತಂತಿಯನ್ನೇ ಸುಟ್ಟರು. ಶಕ್ತಿಯನ್ನು ಬಿಟ್ಟುಕೊಟ್ಟು ಋಜುತ್ವವನ್ನು ಉಳಿಸಿಕೊಂಡವರು ಖಂಡಗಳನ್ನು ಕೂಡಿಸಿದರು. ಅಧ್ಯಾಪಕ, ಅನುವಾದಕ, ಪತ್ರಕರ್ತ, ಹಳ್ಳಿಯ ಅಹವಾಲನ್ನು ರಾಜಧಾನಿಗೆ ಒಯ್ಯುವ ಪ್ರತಿನಿಧಿ, ಎಲ್ಲರೂ ಇನ್ನೊಬ್ಬರ ಮಾತನ್ನು ದಾಟಿಸಲು ನಡುವೆ ನಿಂತವರೇ. ಹಿರಿದಕ್ಕೂ ಕಿರಿದಕ್ಕೂ ಒಂದೇ ಅಳತೆ ಇಟ್ಟುಕೊಂಡು, ತನಗೆ ತಿಳಿಯದ ಅಕ್ಷರವನ್ನು ತಿದ್ದದೆ ಮುಂದಿನವನಿಗೆ ಒಪ್ಪಿಸಿದ ಹೆಸರಿಲ್ಲದ ಲಿಪಿಕಾರ ಅವರೆಲ್ಲರ ಹಿರಿಯ. ಅವನಿಂದ ಪಂಪ ನಮಗೆ ದಕ್ಕಿದ. ಕಣಿವೆಯ ಮನೆಯ ಮಾತು ಲೋಕಕ್ಕೆ ದಕ್ಕಬೇಕಾದರೂ ಅಂಥ ನಡುವಿನವರೇ ಬೇಕು.